ಆಲ್ಟೊ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಬೋಲ್ಟ್ ಜಾಮ್, ನಟ್ ರೌಂಡ್ ಆಗಿದೆ. ಕರೆಂಟ್ ಇಲ್ಲ. ಏನು ಮಾಡಲಿ?

ನಾಪೋಕ್ಲು_ಆಲ್ಟೊ · ಶನಿವಾರ, ಸಂಜೆ 5:40

ಎಲ್ಲರಿಗೂ ನಮಸ್ಕಾರ. ಗಾಡಿ 2011ರ ಆಲ್ಟೊ. ಎಡಗಡೆ ಮುಂದಿನ ಶಾಕ್ ಎಣ್ಣೆ ಬಿಟ್ಟಿದೆ. ಗುಂಡಿಗೆ ಇಳಿದರೆ ದಡ್ ಅಂತ ಸದ್ದು. ಹೊಸ ಶಾಕ್ ತಂದಿಟ್ಟು ಎರಡು ವಾರ ಆಯಿತು. ಇವತ್ತು ಮಳೆ ಸ್ವಲ್ಪ ಬಿಟ್ಟಿತ್ತು, ಶೆಡ್ ಒಳಗೆ ನಿಲ್ಲಿಸಿ ಶುರು ಮಾಡಿದೆ.

ಶಾಕ್ ಕೆಳಗೆ ಎರಡು ಬೋಲ್ಟ್ ಇವೆಯಲ್ಲ, ಚಕ್ರದ ನಕಲ್‌ಗೆ (ಚಕ್ರವನ್ನು ಹೊತ್ತಿರುವ ಕಬ್ಬಿಣದ ಭಾಗ) ಹಿಡಿದಿರುವವು. ಮೇಲಿನದು ಸ್ವಲ್ಪ ಕಷ್ಟಪಟ್ಟು ಬಂತು. ಕೆಳಗಿನದು ಅಲ್ಲಾಡಲೇ ಇಲ್ಲ. ಮೊದಲು ಬಾಯಿ ತೆರೆದ ಸ್ಪ್ಯಾನರ್ ಹಾಕಿದೆ, ಜಾರಿತು. ಆಮೇಲೆ ಸಾಕೆಟ್ ಹಾಕಿ ಜೋರಾಗಿ ಎಳೆದೆ, ಮತ್ತೆ ಜಾರಿತು, ಬೆರಳ ಗೆಣ್ಣೆಲ್ಲ ಕಿತ್ತುಹೋಯಿತು. ಈಗ ನಟ್‌ನ ಮೂಲೆಗಳೇ ಕಾಣುತ್ತಿಲ್ಲ, ನುಣ್ಣಗೆ ಗುಂಡಗಾಗಿದೆ.

ಮೂರು ದಿನದಿಂದ ಕರೆಂಟ್ ಇಲ್ಲ. ಗ್ರೈಂಡರ್ ಇದ್ದರೂ ಉಪಯೋಗವಿಲ್ಲ. ರಸ್ತೆಗೆ ಹೊಳೆ ನೀರು ಬಂದಿದೆ, ಮೆಕ್ಯಾನಿಕ್ ಕೂಡ ಬರುವ ಹಾಗಿಲ್ಲ. ಕೈ ಸಾಮಾನಿನಲ್ಲೇ ಬಿಚ್ಚುವ ದಾರಿ ಇದ್ದರೆ ಹೇಳಿ.

ಮಡಿಕೇರಿ_ಇಬ್ಬನಿ · 5:52

ಡಬ್ಲ್ಯುಡಿ-40 ಸ್ಪ್ರೇ ಚೆನ್ನಾಗಿ ಹೊಡೆದು ರಾತ್ರಿ ಪೂರ್ತಿ ಬಿಡಿ. ಬೆಳಗ್ಗೆ ಬರುತ್ತದೆ.

ಸೋಮವಾರಪೇಟೆ_ಗಾಡಿ · 6:03

ಮಾಮೂಲಿ ಡಬ್ಲ್ಯುಡಿ-40 ತುಕ್ಕು ಬಿಡಿಸುವುದಕ್ಕೆ ಮಾಡಿದ್ದಲ್ಲ. ಹೆಸರಲ್ಲೇ ಇದೆ, ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರು ಓಡಿಸುವುದು. 40 ಅಂದರೆ ನಲವತ್ತನೇ ಪ್ರಯತ್ನ. 1953ರಲ್ಲಿ ಅಮೆರಿಕದಲ್ಲಿ ತುಕ್ಕು ಹಿಡಿಯದ ಹಾಗೆ ತಡೆಯಲು ಮಾಡಿದರು. ಹಿಡಿದು ಕೂತ ತುಕ್ಕಿನ ಒಳಗೆ ಇಳಿಯುವುದಕ್ಕೆ ಪೆನೆಟ್ರೇಟಿಂಗ್ ಆಯಿಲ್ ಅಂತಲೇ ಬೇರೆ ಸಿಗುತ್ತದೆ.

ಮಡಿಕೇರಿ_ಇಬ್ಬನಿ · 6:09

ಸರ್, ನಾನು ಹತ್ತು ವರ್ಷದಿಂದ ಅದನ್ನೇ ಹೊಡೆದು ಬಿಚ್ಚುತ್ತಿದ್ದೇನೆ. ಎಷ್ಟೋ ಬೋಲ್ಟ್ ಬಂದಿವೆ.

ಸೋಮವಾರಪೇಟೆ_ಗಾಡಿ · 6:15

ಬಂದಿರುತ್ತವೆ, ಇಲ್ಲ ಅನ್ನುವುದಿಲ್ಲ. ಸಣ್ಣಪುಟ್ಟ ತುಕ್ಕಿಗೆ ಸಾಕು. ಆದರೆ ಹದಿನೈದು ಮಳೆಗಾಲ ಕಂಡ ನಟ್‌ಗೆ ಅದನ್ನೇ ನಂಬಿ ಕೂರಬೇಡಿ ಅಂತ ಹೇಳಿದ್ದು. ಯಾವ ಎಣ್ಣೆ ಆದರೂ ಒಮ್ಮೆ ಹೊಡೆದು ಹತ್ತು ನಿಮಿಷಕ್ಕೆ ಸ್ಪ್ಯಾನರ್ ಹಾಕಿದರೆ ಏನೂ ಆಗಿರುವುದಿಲ್ಲ. ಗಂಟೆಗೊಮ್ಮೆ ಹಾಕಿ, ಸುತ್ತಿಗೆಯಿಂದ ನಟ್‌ಗೆ ಟಕ್ ಟಕ್ ತಟ್ಟಿ, ಮತ್ತೆ ಹಾಕಿ. ತಟ್ಟುವುದರಿಂದಲೇ ಎಣ್ಣೆಗೆ ದಾರಿ ಆಗುವುದು.

ಗೋಣಿಕೊಪ್ಪ_ಸ್ಪ್ಯಾನರ್ · 6:31

ಎಣ್ಣೆ ಜಗಳ ಆಮೇಲೆ. ನಾಪೋಕ್ಲು ಅಣ್ಣ, ಮೊದಲು ಮೂರು ವಿಷಯ ಹೇಳಿ.

ನಿಮ್ಮ ಸಾಕೆಟ್ ಒಳಗೆ ಆರು ಮೂಲೆಯೋ, ಹನ್ನೆರಡೋ? ಹನ್ನೆರಡಾದರೆ ಅದೇ ನಿಮ್ಮ ನಟ್ ಹಾಳು ಮಾಡಿದ್ದು. ಹನ್ನೆರಡು ಮೂಲೆಯದು ನಟ್‌ನ ತುದಿಯನ್ನಷ್ಟೇ ಹಿಡಿಯುತ್ತದೆ. ಆರು ಮೂಲೆಯದು ಪಕ್ಕದ ಚಪ್ಪಟೆ ಜಾಗವನ್ನೂ ಒತ್ತಿ ಹಿಡಿಯುತ್ತದೆ. ತುಕ್ಕು ಹಿಡಿದ ನಟ್‌ಗೆ ಯಾವತ್ತೂ ಆರು ಮೂಲೆಯದೇ ಹಾಕಬೇಕು.

ಎರಡನೆಯದು, ನೀವು ತಿರುಗಿಸುತ್ತಿರುವುದು ನಟ್ ಅನ್ನೋ, ಬೋಲ್ಟ್ ತಲೆಯನ್ನೋ? ಕೆಲವು ಕಾರುಗಳಲ್ಲಿ ಈ ಜಾಗದ ಬೋಲ್ಟ್‌ಗೆ ಕತ್ತಿನ ಹತ್ತಿರ ಸಣ್ಣ ಹಲ್ಲು ಇರುತ್ತದೆ, ತೂತಿನ ಒಳಗೆ ಕಚ್ಚಿಕೊಂಡು ಕೂತಿರುತ್ತದೆ. ಅಂಥದ್ದರಲ್ಲಿ ತಲೆ ತಿರುಗಿಸಬಾರದು. ತಲೆಯನ್ನು ಹಿಡಿದುಕೊಂಡು ನಟ್ ಮಾತ್ರ ತಿರುಗಿಸಬೇಕು.

ಮೂರನೆಯದು, ಬಿಚ್ಚುವ ಮೊದಲು ಒಂದು ಚೂರು ಬಿಗಿ ಮಾಡಿ ನೋಡಿದಿರಾ? ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ಅಲ್ಲಾಡಿದರೂ ತುಕ್ಕು ಒಡೆಯುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಬರುತ್ತದೆ.

ನಾಪೋಕ್ಲು_ಆಲ್ಟೊ · 6:48

ಹನ್ನೆರಡು ಮೂಲೆಯದೇ. ಸೆಟ್‌ನಲ್ಲಿ ಎಲ್ಲವೂ ಅದೇ. ತಿರುಗಿಸಿದ್ದು ನಟ್ ಅನ್ನೇ. ಬಿಗಿ ಮಾಡಿ ನೋಡಲಿಲ್ಲ, ಅದು ಗೊತ್ತಿರಲಿಲ್ಲ. ಈಗ ಮಾಡೋಣ ಅಂದರೆ ಹಿಡಿಯಲು ಮೂಲೆಯೇ ಉಳಿದಿಲ್ಲ.

ಸಿದ್ದಾಪುರ_ಡೀಸೆಲ್ · 6:55

ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಕಚ್ಚಿಸಿ, ಅದಕ್ಕೆ ಮೂರಡಿ ಪೈಪ್ ಸೇರಿಸಿ ಎಳೆಯಿರಿ. ನಮ್ಮ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಬೋಲ್ಟ್‌ಗಳನ್ನೆಲ್ಲ ಹಾಗೇ ಬಿಚ್ಚುವುದು.

ಗೋಣಿಕೊಪ್ಪ_ಸ್ಪ್ಯಾನರ್ · 7:02

ಬೇಡ ಅಣ್ಣ, ದಯವಿಟ್ಟು ಬೇಡ. ಪಲ್ಪರ್ ನೆಲಕ್ಕೆ ಕಾಂಕ್ರೀಟಿನಲ್ಲಿ ಕೂತಿರುತ್ತದೆ, ಎಳೆದರೆ ಅಲ್ಲಾಡುವುದಿಲ್ಲ. ಇಲ್ಲಿ ಗಾಡಿ ಜಾಕ್ ಮೇಲಿದೆ. ಮೂರಡಿ ಪೈಪಿನಲ್ಲಿ ಎಳೆದರೆ ನಟ್ ಬಿಚ್ಚುವ ಮೊದಲು ಗಾಡಿ ಪಕ್ಕಕ್ಕೆ ವಾಲುತ್ತದೆ. ಗುಂಡಗಾದ ನಟ್ ಮೇಲೆ ಅಷ್ಟು ಬಲ ಹಾಕಿದರೆ ಗ್ರಿಪ್ ಜಾರಿ ಮುಖಕ್ಕೇ ಬರುತ್ತದೆ.

ಸಂಪಾಜೆ_ಘಾಟಿ · 7:20

ಜಾಕ್ ಮಾತು ಬಂತಲ್ಲ, ನನ್ನದನ್ನೂ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ, ಇದೇ ಮಳೆಗಾಲ. ಮನೆ ಅಂಗಳ ಸ್ವಲ್ಪ ಇಳಿಜಾರು. ಓಮ್ನಿಗೆ ಜಾಕ್ ಕೊಟ್ಟು, ಪಕ್ಕದಲ್ಲಿ ಆಸರೆಗೆ ಎರಡು ಕೆಂಪು ಕಲ್ಲು ಇಟ್ಟಿದ್ದೆ. ಸೈಲೆನ್ಸರ್ ಬೋಲ್ಟ್ ಬಿಚ್ಚಲು ಜೋರಾಗಿ ಎಳೆದಾಗ ಜಾಕ್ ಒದ್ದೆ ಮಣ್ಣಿನಲ್ಲಿ ಜಾರಿತು. ಗಾಡಿ ಕಲ್ಲಿನ ಮೇಲೆ ಕೂತಿತು. ಮೇಲಿನ ಕಲ್ಲು ಬಿಸ್ಕತ್ತಿನ ಹಾಗೆ ಎರಡು ಹೋಳಾಯಿತು. ಸ್ಪ್ಯಾನರ್ ತರಲು ಆಗತಾನೇ ಹೊರಗೆ ಬಂದಿದ್ದೆ. ಕಾಲು ಮಾತ್ರ ಒಳಗಿತ್ತು, ಅದೂ ಚಕ್ರದ ಪಕ್ಕ ಇದ್ದದ್ದರಿಂದ ಉಳಿಯಿತು.

ಇಟ್ಟಿಗೆ, ಕೆಂಪು ಕಲ್ಲು, ಸಿಮೆಂಟ್ ಬ್ಲಾಕ್ ಯಾವುದೂ ಆಸರೆ ಅಲ್ಲ. ಸ್ಟ್ಯಾಂಡ್ ತೆಗೆದುಕೊಳ್ಳಿ. ಬಿಚ್ಚಿದ ಚಕ್ರವನ್ನು ಗಾಡಿ ಅಡಿಗೆ ಮಲಗಿಸಿ ಇಡಿ. ಗಟ್ಟಿ ನೆಲದಲ್ಲೇ ಮಾಡಿ, ಕಾಫಿ ಒಣಗಿಸುವ ಕಣ ಇದ್ದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಉಳಿದ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ.

ನಾಪೋಕ್ಲು_ಆಲ್ಟೊ · 7:26

ಶೆಡ್ ನೆಲ ಸಿಮೆಂಟ್. ಸ್ಟ್ಯಾಂಡ್ ಇದೆ. ಚಕ್ರವನ್ನು ಅಡಿಗೆ ಇಟ್ಟಿರಲಿಲ್ಲ, ಈಗ ಇಟ್ಟು ಬಂದೆ.

ಹಳೇ_ವಿಲ್ಲಿಸ್ · 7:44

ಎಡಗಡೆ ಅಂದದ್ದಕ್ಕೆ ನೆನಪಾಯಿತು. ಆಲ್ಟೊಗೆ ಸಂಬಂಧ ಇಲ್ಲ, ಆದರೆ ತೋಟದಲ್ಲಿ ಹಳೇ ಜೀಪ್ ಇರುವವರು ಓದಿ.

ನಮ್ಮ ಮಾವನವರ ವಿಲ್ಲಿಸ್ ಎಡಗಡೆ ಟಯರ್ ಪಂಕ್ಚರ್ ಆಗಿತ್ತು. ನನಗೆ ಆಗ ಇಪ್ಪತ್ತು ವರ್ಷ. ವೀಲ್ ಸ್ಪ್ಯಾನರ್ ಹಾಕಿ ಎಳೆದೆ, ಬರಲಿಲ್ಲ. ಸ್ಪ್ಯಾನರ್ ಮೇಲೆ ಹತ್ತಿ ನಿಂತೆ. ಟಣ್ ಅಂತ ಸ್ಟಡ್ (ವೀಲ್ ನಟ್ ಕೂರುವ ಬೋಲ್ಟ್) ಮುರಿಯಿತು. ಎರಡನೆಯದೂ ಮುರಿಯಿತು. ಅಷ್ಟರಲ್ಲಿ ಮಾವ ಬಂದು, ಒಂದು ಮಾತೂ ಬೈಯದೆ, ಮಣ್ಣು ಒರೆಸಿ ಸ್ಟಡ್ ತುದಿ ತೋರಿಸಿದರು. ಅಲ್ಲಿ ‘ಎಲ್’ ಅಂತ ಅಚ್ಚು ಇತ್ತು. ಆ ಜೀಪುಗಳಲ್ಲಿ ಎಡಗಡೆ ಚಕ್ರಕ್ಕೆ ಎಡ ಥ್ರೆಡ್. ಎಲ್ಲ ಕಡೆ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಇಲ್ಲಿ ಬಿಗಿಯಾಗುತ್ತದೆ. ಚಕ್ರ ಓಡುವಾಗ ನಟ್ ತಾನಾಗಿ ಸಡಿಲ ಆಗಬಾರದು ಅಂತ ಹಾಗೆ ಮಾಡಿದ್ದು.

ಲೆಕ್ಕ ಹಾಕಿ ನೋಡಿ. 60 ಕಿಲೋ ಮನುಷ್ಯ ಅರ್ಧ ಮೀಟರ್ ಸ್ಪ್ಯಾನರ್ ತುದಿಯಲ್ಲಿ ನಿಂತರೆ ತಿರುಗಿಸುವ ಬಲ ಸುಮಾರು 300 ನ್ಯೂಟನ್ ಮೀಟರ್. ಸಣ್ಣ ಕಾರಿನ ವೀಲ್ ನಟ್‌ಗೆ ಬೇಕಾದ್ದು 100ರ ಆಸುಪಾಸು. ಮೂರು ಪಟ್ಟು ಹಾಕಿದರೆ ಮುರಿಯದೆ ಏನಾಗುತ್ತದೆ?

ಮಡಿಕೇರಿ_ಇಬ್ಬನಿ · 7:50

ಇದು ನನಗೆ ಗೊತ್ತೇ ಇರಲಿಲ್ಲ. ದೊಡ್ಡಪ್ಪನ ಮನೆಯಲ್ಲಿ ಒಂದು ವಿಲ್ಲಿಸ್ ನಿಂತಿದೆ, ನಾಳೆಯೇ ನೋಡುತ್ತೇನೆ.

ಕುಶಾಲನಗರ_ಲೇತ್ · 9:15

ಅಂಗಡಿ ಮುಚ್ಚಿ ಬಂದು ಈಗ ನೋಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾಪೋಕ್ಲು ಸರ್, ನಿಮ್ಮ ಅದೃಷ್ಟ ಚೆನ್ನಾಗಿದೆ. ಅದು ಆಚೆಯಿಂದ ಈಚೆಗೆ ತೂರಿ ಬರುವ ಬೋಲ್ಟ್, ಇನ್ನೊಂದು ತುದಿಗೆ ನಟ್. ಎಂಜಿನ್ ಬ್ಲಾಕ್ ಒಳಗೆ ಮುರಿದ ಬೋಲ್ಟ್ ಅಲ್ಲ. ನಟ್ ಹಾಳಾದರೆ ಹಾಳಾಗಲಿ. ನಟ್, ಬೋಲ್ಟ್ ಎರಡೂ ಹೊಸದು ಸಿಗುತ್ತವೆ. ಅವುಗಳನ್ನು ಉಳಿಸಿಕೊಳ್ಳುವ ಆಸೆ ಬಿಟ್ಟರೆ ಕೆಲಸ ಸುಲಭ.

ಮೊದಲ ದಾರಿ: ನಟ್ 17 ಎಂಎಂ ಆಗಿದ್ದರೆ 16ರ ಆರು ಮೂಲೆ ಸಾಕೆಟ್ ಇಟ್ಟು ಸುತ್ತಿಗೆಯಿಂದ ಹೊಡೆದು ಕೂರಿಸಿ. ಬಿಗಿಯಾಗಿ ಕಚ್ಚುತ್ತದೆ. ಗುಂಡಗಾದ ನಟ್‌ಗೇ ಅಂತ ಒಳಗೆ ಸುರುಳಿ ಹಲ್ಲು ಇರುವ ಸಾಕೆಟ್ ಕೂಡ ಸಿಗುತ್ತದೆ.

ಎರಡನೇ ದಾರಿ: ನಟ್ ಸೀಳುವುದು. ನಟ್ ಸ್ಪ್ಲಿಟರ್ ಇದ್ದರೆ ಅದು. ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡ್. ನಟ್‌ನ ಒಂದು ಪಕ್ಕದಲ್ಲಿ, ಬೋಲ್ಟ್ ಉದ್ದಕ್ಕೂ ಕೊಯ್ಯಿರಿ. ಥ್ರೆಡ್ ಮುಟ್ಟುವ ಸ್ವಲ್ಪ ಮೊದಲು ನಿಲ್ಲಿಸಿ. ಆ ಗೆರೆಗೆ ಚಪ್ಪಟೆ ಉಳಿ ಇಟ್ಟು ಸುತ್ತಿಗೆಯಿಂದ ಗಟ್ಟಿಯಾಗಿ ಎರಡು ಏಟು. ನಟ್ ಬಾಯಿ ಬಿಡುತ್ತದೆ. ಕನ್ನಡಕ ಹಾಕಿಕೊಳ್ಳಿ. ಕಬ್ಬಿಣದ ಚೂರು ಕಣ್ಣಿಗೆ ಹೋದವರನ್ನು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು.

ಮೂರನೇ ದಾರಿ ಬಿಸಿ. 12 ಎಂಎಂ ತೂತಿನ ನಟ್ ಅನ್ನು 300 ಡಿಗ್ರಿ ಜಾಸ್ತಿ ಬಿಸಿ ಮಾಡಿದರೆ ತೂತು ದೊಡ್ಡದಾಗುವುದು ಸುಮಾರು 0.04 ಎಂಎಂ. ಕೂದಲಿಗಿಂತ ಕಮ್ಮಿ. ಆದರೆ ತುಕ್ಕಿನ ಹಿಡಿತ ಬಿಡಲು ಅಷ್ಟು ಸಾಕು. ನಟ್ ಮಾತ್ರ ಬೇಗ ಬಿಸಿಯಾಗಬೇಕು, ಬೋಲ್ಟ್ ಅಲ್ಲ. ಬಿಸಿ ಇರುವಾಗ ಮೇಣದಬತ್ತಿ ಮುಟ್ಟಿಸಿದರೆ ಮೇಣ ಕರಗಿ ಥ್ರೆಡ್ ಒಳಗೆ ಇಳಿಯುತ್ತದೆ. ಆದರೆ ನಿಮ್ಮ ಜಾಗದಲ್ಲಿ ನಾನು ಬೆಂಕಿ ಹಚ್ಚುವುದಿಲ್ಲ. ಶಾಕ್‌ಗೇ ಬ್ರೇಕ್ ಪೈಪ್ ಕ್ಲಿಪ್ ಆಗಿರುತ್ತದೆ, ಪಕ್ಕದಲ್ಲೇ ಆಕ್ಸಲ್ ರಬ್ಬರ್ ಬೂಟ್. ಅದರ ಮೇಲೆ ನೀವು ಎಣ್ಣೆ ಬೇರೆ ಹೊಡೆದಿದ್ದೀರಿ.

ಇನ್ನೊಂದು ಮಾತು. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಯಾವತ್ತೂ ಬೆಂಕಿ ತೋರಿಸಬೇಡಿ. ಕೆಲವು ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಣ ಇರುತ್ತದೆ. ಬಿಸಿಗೆ ಅದರಿಂದ ಫಾಸ್ಜೀನ್ ಅನ್ನುವ ವಿಷದ ಗಾಳಿ ಬರುತ್ತದೆ.

ಸೋಮವಾರಪೇಟೆ_ಗಾಡಿ · 9:31

ಲೇತ್ ಸರ್, ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸ್ ಎಣ್ಣೆ) ಮತ್ತು ಅಸಿಟೋನ್ ಅರ್ಧ ಅರ್ಧ ಬೆರೆಸಿ ಹಾಕುತ್ತಾರಲ್ಲ, ಅದು ಹೇಗೆ?

ಕುಶಾಲನಗರ_ಲೇತ್ · 9:40

ಕೆಲಸ ಮಾಡುತ್ತದೆ. ಅಸಿಟೋನ್ ತೆಳು, ಸಂದಿಯೊಳಗೆ ಎಣ್ಣೆಯನ್ನು ಎಳೆದುಕೊಂಡು ಹೋಗುತ್ತದೆ, ಆಮೇಲೆ ತಾನು ಆರಿಹೋಗುತ್ತದೆ. ಎರಡೂ ಬೇರೆಯಾಗಿ ನಿಲ್ಲುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಪೇಂಟ್ ಮೇಲೆ ಬಿದ್ದರೆ ಪೇಂಟ್ ಹೋಗುತ್ತದೆ. ಬಹಳ ಬೇಗ ಬೆಂಕಿ ಹಿಡಿಯುತ್ತದೆ. ಕರೆಂಟ್ ಇಲ್ಲದ ಮನೆಯಲ್ಲಿ ಮೇಣದಬತ್ತಿ ಪಕ್ಕ ಇಟ್ಟುಕೊಂಡು ಅದನ್ನು ಮುಟ್ಟಲೇಬೇಡಿ.

ಸಿದ್ದಾಪುರ_ಡೀಸೆಲ್ · 9:47

ನಮ್ಮಲ್ಲಿ ಡೀಸೆಲ್ ಹಾಕಿ ನೆನೆಸಿಡುವುದು. ಎರಡು ದಿನ ಬಿಟ್ಟರೆ ಬರುತ್ತದೆ. ಮೊದಲೆಲ್ಲ ಸೀಮೆಎಣ್ಣೆ.

ಪೊನ್ನಂಪೇಟೆ_ಮೆಣಸು · 10:05

ತೋಟದ ಜೀಪ್ ಇರುವವರಿಗೆ ಒಂದು ವಿಷಯ. ನಮ್ಮ ಜೀಪ್ ಹಿಂಬದಿಯ ಬೋಲ್ಟ್‌ಗಳಷ್ಟು ಬೇಗ ಬೇರೆ ಯಾವ ಗಾಡಿಯದೂ ಹಾಳಾಗಿಲ್ಲ. ಕಾರಣ ಬೆಳೆಗೆ ರೋಗ ಬರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣ. ಪ್ರತಿ ವರ್ಷ ಮಳೆಗೆ ಮುಂಚೆ ಡ್ರಮ್ ಹೇರಿಕೊಂಡು ಓಡಾಡುತ್ತೇವೆ, ತುಳುಕಿ ಚಾಸಿ ಮೇಲೆಲ್ಲ ಸುರಿಯುತ್ತದೆ.

ದ್ರಾವಣ ಸರಿ ಆಗಿದೆಯಾ ಅಂತ ಕತ್ತಿ ಅದ್ದಿ ನೋಡುತ್ತೇವಲ್ಲ? ನೂರು ಲೀಟರ್‌ಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಕಮ್ಮಿಯಾದರೆ ಕತ್ತಿ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಆ ತಾಮ್ರ ಕೂರುವಾಗ ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಕತ್ತಿಗೆ ಆಗುವುದೇ ಬೋಲ್ಟ್‌ಗೂ ಆಗುವುದು. ಮೈಲುತುತ್ತದ ನೀರು ತಾಗಿದ ದಿನವೇ ಗಾಡಿ ಅಡಿ ತೊಳೆಯಿರಿ. ನಾನು ಇದನ್ನು ಕಲಿಯಲು ಎರಡು ಸ್ಪ್ರಿಂಗ್ ಯು-ಬೋಲ್ಟ್ ಕಳೆದುಕೊಂಡೆ.

ಗೋಣಿಕೊಪ್ಪ_ಸ್ಪ್ಯಾನರ್ · 10:12

ಮೆಣಸು ಅಕ್ಕ, ಇದು ಬಹಳ ಒಳ್ಳೇ ಮಾತು. ನಮ್ಮ ಪಿಕಪ್ ಡಾಲ (ಸಾಮಾನು ತುಂಬುವ ಹಿಂಭಾಗ) ಬೋಲ್ಟ್ ಯಾಕೆ ಹಾಗಾಯಿತು ಅಂತ ಈಗ ಗೊತ್ತಾಯಿತು.

ಸಂಪಾಜೆ_ಘಾಟಿ · 10:20

ತುಕ್ಕಿಗಿಂತ ದೊಡ್ಡ ಕಾಟ ನಟ್ ಬಿಗಿಯುವ ಏರ್ ಗನ್. ಒಂದು ದೊಡ್ಡ ಸರ್ವಿಸ್ ಕಡೆ ಆಯಿಲ್ ಬದಲಿಸಿಕೊಂಡು ಬಂದೆ. ಮುಂದಿನ ಸಲ ಮನೆಯಲ್ಲಿ ಡ್ರೈನ್ ಬೋಲ್ಟ್ ಬಿಚ್ಚಿದರೆ, ಬೋಲ್ಟ್ ಜೊತೆ ಎಂಜಿನ್ ಆಯಿಲ್ ಸಂಪಿನ ಅಲ್ಯೂಮಿನಿಯಂ ಥ್ರೆಡ್ ಸುರುಳಿ ಸುರುಳಿಯಾಗಿ ಹೊರಗೆ ಬಂತು. ಯಾರೋ ಗನ್ ಹಾಕಿ ಬಿಗಿದಿದ್ದರು. ಕೇಳಿದರೆ ನಾವಲ್ಲ ಅಂದರು. ಕೊನೆಗೆ ತೂತು ದೊಡ್ಡದು ಮಾಡಿ ಒಳಗೆ ಹೊಸ ಥ್ರೆಡ್ ಸುರುಳಿ ಹಾಕಿಸಿದೆ. ಈಗಲೂ ಒಂದು ಹನಿ ಸೋರಿಲ್ಲ. ಆದರೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಮಡಿಕೇರಿ_ಇಬ್ಬನಿ · 10:24

ಅಲ್ಯೂಮಿನಿಯಂನಲ್ಲಿ ಕಬ್ಬಿಣದ ಬೋಲ್ಟ್ ಇದ್ದರೆ ಜಾಸ್ತಿ ಜಾಮ್ ಆಗುತ್ತದೆ ಅಲ್ವಾ? ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಭಯ ಆಗುತ್ತದೆ. ಬೋಲ್ಟ್ ಒಳಗೇ ಮುರಿದರೆ ಏನು ಗತಿ?

ಕುಶಾಲನಗರ_ಲೇತ್ · 10:38

ಹೌದು, ಎರಡು ಬೇರೆ ಲೋಹ, ನಡುವೆ ತೇವ, ಎರಡೂ ಕಚ್ಚಿಕೊಳ್ಳುತ್ತವೆ. ಪ್ಲಗ್ ಅನ್ನು ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿ. ಬಿಸಿ ಅಲ್ಯೂಮಿನಿಯಂನ ಥ್ರೆಡ್ ಬೇಗ ಕಿತ್ತುಬರುತ್ತದೆ.

ಒಳಗೆ ಮುರಿದರೆ ಗಾಬರಿ ಬೇಡ. ತುಂಡು ಸ್ವಲ್ಪ ಹೊರಗೆ ಕಾಣುತ್ತಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡುತ್ತೇವೆ. ವೆಲ್ಡಿಂಗ್ ಬಿಸಿಗೇ ಅರ್ಧ ತುಕ್ಕು ಬಿಡುತ್ತದೆ. ವೆಲ್ಡ್ ಮಾಡುವ ಮೊದಲು ಬ್ಯಾಟರಿ ಮೈನಸ್ ವೈರ್ ತೆಗೆಯಿರಿ.

ತುಂಡು ಒಳಗೇ ಇದ್ದರೆ ಸರಿಯಾಗಿ ನಡುವೆ ಪಂಚ್ ಹೊಡೆದು, ಸಣ್ಣ ಬಿಟ್‌ನಿಂದ ಶುರು ಮಾಡಿ ಕೊರೆಯಬೇಕು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಗುತ್ತದೆ, ಅದು ಎಷ್ಟೋ ಸಲ ಕೊರೆಯುವಾಗಲೇ ತುಂಡನ್ನು ಹೊರಗೆ ತರುತ್ತದೆ. ಅದಕ್ಕೂ ಬರಲಿಲ್ಲ ಅಂದರೆ ಪೂರ್ತಿ ಕೊರೆದು ಟ್ಯಾಪ್ ಹಾಕುವುದು, ಅಂದರೆ ಹೊಸ ಥ್ರೆಡ್ ಕೊಯ್ಯುವುದು. ಎಂ8 ಅಂದರೆ 8 ಎಂಎಂ ಬೋಲ್ಟ್‌ಗೆ 6.8 ಎಂಎಂ ಬಿಟ್, 1.25 ಪಿಚ್‌ನ (ಥ್ರೆಡ್ ನಡುವಿನ ಅಂತರ) ಎಂ10ಗೆ 8.8.

ಒಂದೇ ಒಂದು ವಿನಂತಿ. ಸೂಜಿಯ ಹಾಗೆ ಚೂಪಾಗಿರುವ ಸ್ಕ್ರೂ ಎಕ್ಸ್‌ಟ್ರಾಕ್ಟರ್ ತಂದು ಜೋರಾಗಿ ತಿರುಗಿಸಬೇಡಿ. ಅದು ಗಟ್ಟಿ ಉಕ್ಕು, ಬಾಗುವುದಿಲ್ಲ, ಒಳಗೇ ಮುರಿಯುತ್ತದೆ. ಆಮೇಲೆ ಯಾವ ಮಾಮೂಲಿ ಬಿಟ್ಟೂ ಅದನ್ನು ಕೊರೆಯುವುದಿಲ್ಲ. ನನ್ನ ಹತ್ತಿರ ಬರುವ ಕೆಲಸದಲ್ಲಿ ಅತಿ ಕಷ್ಟದ್ದು ಅದೇ.

ಪೊನ್ನಂಪೇಟೆ_ಮೆಣಸು · 10:51

ನಾಪೋಕ್ಲು ಅವರೇ, ಬೋಲ್ಟ್ ಬಂದಮೇಲೆ ಒಂದು ನೆನಪಿಡಿ. ಶಾಕ್ ಮೇಲ್ಗಡೆ ನಡುವೆ ಇರುವ ಒಂಟಿ ನಟ್ ಮುಟ್ಟಲೇಬೇಡಿ. ಸುತ್ತ ಇರುವ ನಟ್‌ಗಳನ್ನು ಮಾತ್ರ ಬಿಚ್ಚಿ, ಸ್ಪ್ರಿಂಗ್ ಸಮೇತ ಇಡಿಯಾಗಿ ತೆಗೆಯಿರಿ. ನಡುವಿನ ನಟ್ ಒತ್ತಿ ಹಿಡಿದ ಸ್ಪ್ರಿಂಗನ್ನು ತಡೆದಿರುತ್ತದೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಗುಂಡು ಹಾರಿದ ಹಾಗೆ ಹಾರುತ್ತದೆ, ಜೀವವೇ ಹೋಗಬಹುದು. ಹಳೇ ಶಾಕ್‌ನಿಂದ ಹೊಸದಕ್ಕೆ ಸ್ಪ್ರಿಂಗ್ ಬದಲಿಸುವ ಕೆಲಸ ವರ್ಕ್‌ಶಾಪ್‌ನಲ್ಲೇ ಆಗಲಿ. ನಕಲ್ ಜೋತು ಬೀಳದ ಹಾಗೆ ತಂತಿ ಕಟ್ಟಿ, ಬ್ರೇಕ್ ಪೈಪ್ ಮೇಲೆ ಭಾರ ಬೀಳಬಾರದು.

ನಾಪೋಕ್ಲು_ಆಲ್ಟೊ · 10:58

ಅಕ್ಕ, ನಡುವಿನ ನಟ್ ಬಿಚ್ಚಬೇಕು ಅಂತಲೇ ನಾನು ಅಂದುಕೊಂಡಿದ್ದೆ. ದೇವರ ದಯೆ, ಇವತ್ತು ಅಲ್ಲಿಯವರೆಗೆ ಹೋಗಲಿಲ್ಲ. ಬಹಳ ಥ್ಯಾಂಕ್ಸ್.

ಹಳೇ_ವಿಲ್ಲಿಸ್ · ಭಾನುವಾರ, ಬೆಳಗ್ಗೆ 7:10

ಇವತ್ತು ಕಕ್ಕಡ ಹದಿನೆಂಟು (ನಮ್ಮ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಅಲ್ವಾ? ಮದ್ದುಸೊಪ್ಪಿನ ಪಾಯಸ ತಿಂದು ಕೆಲಸ ಶುರು ಮಾಡಿ. ಮುಂದಿನ ತಿಂಗಳು ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬೇರೆ ಬಂತು. ನಮ್ಮ ಮನೆಯಲ್ಲಿ ಕೋವಿ, ಒಡಿಕತ್ತಿ ಜೊತೆ ನನ್ನ ಸ್ಪ್ಯಾನರ್ ಸೆಟ್ಟನ್ನೂ ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆಗೆ ಇಡುತ್ತೇವೆ. ಅನ್ನ ಕೊಡುವ ಸಾಮಾನು ಅದೂ.

ನಾಪೋಕ್ಲು_ಆಲ್ಟೊ · ಭಾನುವಾರ, ಮಧ್ಯಾಹ್ನ 3:25

ಬಂತು! ಬಂತು!

ರಾತ್ರಿ ಮೂರು ಸಲ ಎದ್ದು ಎಣ್ಣೆ ಹಾಕಿ ತಟ್ಟಿದೆ. ಬೆಳಗ್ಗೆ ಪಕ್ಕದ ಮನೆಯವರ ಹತ್ತಿರ 16ರ ಆರು ಮೂಲೆ ಸಾಕೆಟ್ ಸಿಕ್ಕಿತು. ಹೊಡೆದು ಕೂರಿಸಿದೆ. ಮೊದಲು ಬಿಗಿ ಮಾಡುವ ಕಡೆ ಒತ್ತಿದೆ, ಆಮೇಲೆ ಬಿಚ್ಚುವ ಕಡೆ. ಒಂದು ಚೂರು ತಿರುಗಿದ ಹಾಗಾಯಿತು, ಆದರೆ ಮತ್ತೆ ಜಾರಿತು.

ಆಗ ಹ್ಯಾಕ್ಸಾ ಬ್ಲೇಡ್ ತೆಗೆದುಕೊಂಡೆ. ಫ್ರೇಮ್ ಹಿಡಿಸಲಿಲ್ಲ, ಬ್ಲೇಡ್‌ಗೆ ಬಟ್ಟೆ ಸುತ್ತಿ ಬರೀ ಕೈಯಲ್ಲೇ ಕೊಯ್ದೆ. ಐವತ್ತು ನಿಮಿಷ. ಮೊದಲು ಕೆಂಪು ತುಕ್ಕಿನ ಪುಡಿ ಬಿತ್ತು, ಆಮೇಲೆ ಬೆಳ್ಳಗೆ ಹೊಳೆಯುವ ಪುಡಿ. ಗೆರೆ ಆಳ ಆದಮೇಲೆ ಉಳಿ ಇಟ್ಟು ಹೊಡೆದೆ. ಮೂರನೇ ಏಟಿಗೆ ಸದ್ದು ಬದಲಾಯಿತು. ಟಣ್ ಅನ್ನುತ್ತಿದ್ದದ್ದು ಟಪ್ ಅಂತು. ನೋಡಿದರೆ ಗೆರೆ ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ವೈಸ್ ಗ್ರಿಪ್‌ನಲ್ಲಿ ಹಿಡಿದು ತಿರುಗಿಸಿದರೆ ಬೆಣ್ಣೆ ಹಾಗೆ ಬಂತು.

ಬೋಲ್ಟ್ ತೂತಿನಲ್ಲೇ ಕೂತಿತ್ತು. ಸುತ್ತಿಗೆಯಿಂದ ನೇರ ಹೊಡೆಯದೆ ಗಟ್ಟಿ ಮರದ ತುಂಡು ಇಟ್ಟು ಹೊಡೆದೆ, ತುದಿ ಅರಳಿದರೆ ಹೊರಗೆ ಬರುವುದಿಲ್ಲ ಅಂತ. ಹೊರಗೆ ಬಂದಾಗ ನಡುವೆ ಅರ್ಧ ಇಂಚು ಜಾಗದಲ್ಲಿ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿತ್ತು. ಶಾಕ್ ಸ್ಪ್ರಿಂಗ್ ಸಮೇತ ಇಡಿಯಾಗಿ ಕೆಳಗಿಳಿಸಿದೆ. ನಡುವಿನ ನಟ್ ಮುಟ್ಟಲಿಲ್ಲ.

ಕುಶಾಲನಗರ_ಲೇತ್ · 3:41

ಭೇಷ್ ಸರ್! ಬರೀ ಕೈಯಲ್ಲಿ ಮಾಡಿದ್ದೀರಿ. ಹೊಸ ಬೋಲ್ಟ್ ಗಾಡಿ ಸ್ಪೇರ್ ಅಂಗಡಿಯಲ್ಲೇ ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟ್ ಹಾಕಬೇಡಿ. ಹಳೆಯದರ ತಲೆ ಮೇಲೆ ಇರುವ ಗಟ್ಟಿತನದ ನಂಬರ್ ನೋಡಿ, ಅದಕ್ಕಿಂತ ಕಮ್ಮಿ ನಂಬರಿನದು ಬೇಡ.

ಸೋಮವಾರಪೇಟೆ_ಗಾಡಿ · 3:50

ತೂತಿನ ಒಳಗಿನ ತುಕ್ಕು ವೈರ್ ಬ್ರಷ್‌ನಿಂದ ತೆಗೆದು, ಬೋಲ್ಟ್ ನಡುಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಿ. ಥ್ರೆಡ್‌ಗೆ ಬೇಡ. ಥ್ರೆಡ್‌ಗೆ ಎಣ್ಣೆ ತಾಗಿದರೆ ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬೋಲ್ಟ್ ಜಾಸ್ತಿ ಬಿಗಿಯಾಗುತ್ತದೆ.

ಮಡಿಕೇರಿ_ಇಬ್ಬನಿ · 3:58

ರಾತ್ರಿ ಹೊಡೆದದ್ದು ಯಾವ ಎಣ್ಣೆ, ಅದು ಹೇಳಲೇ ಇಲ್ಲ.

ನಾಪೋಕ್ಲು_ಆಲ್ಟೊ · 4:06

ಮನೆಯಲ್ಲಿ ಇದ್ದದ್ದು ನಿಮ್ಮ ಡಬ್ಲ್ಯುಡಿ-40 ಒಂದೇ. ಅದು ಮುಗಿದಮೇಲೆ ಡೀಸೆಲ್.

ಗೋಣಿಕೊಪ್ಪ_ಸ್ಪ್ಯಾನರ್ · 4:15

ಜೋಡಿಸಿದಮೇಲೆ ವೀಲ್ ಅಲೈನ್‌ಮೆಂಟ್ ನೋಡಿಸಿ, ಮರೆಯಬೇಡಿ. ಆ ಎರಡು ಬೋಲ್ಟ್ ಬಿಚ್ಚಿದರೆ ಚಕ್ರದ ಕೋನ ಬದಲಾಗುತ್ತದೆ. ಬಲಗಡೆ ಶಾಕ್ ಹೇಗಿದೆ? ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ತಿರುವಿನಲ್ಲಿ ಗಾಡಿ ಒಂದೇ ಥರ ಕೂರುವುದಿಲ್ಲ.

ನಾಪೋಕ್ಲು_ಆಲ್ಟೊ · 4:22

ಜೋಡಿಯೇ ತಂದಿದ್ದೇನೆ. ಬಲಗಡೆಯ ಎರಡೂ ನಟ್‌ಗೆ ಈಗಲೇ ಡೀಸೆಲ್ ಬಟ್ಟೆ ಸುತ್ತಿ ಬಂದೆ, ಬ್ರೇಕ್ ಪೈಪ್‌ಗೆ ತಾಗದ ಹಾಗೆ ನೋಡಿಕೊಂಡಿದ್ದೇನೆ. ಬುಧವಾರದವರೆಗೆ ಮುಟ್ಟುವುದಿಲ್ಲ. ಅಷ್ಟರಲ್ಲಿ ಯಾರಾದರೂ ಗೋಣಿಕೊಪ್ಪ ಕಡೆಯಿಂದ ಬರುವವರಿದ್ದರೆ 17ರ ಆರು ಮೂಲೆ ಸಾಕೆಟ್ ಒಂದು ತಂದುಕೊಡಿ, ದುಡ್ಡು ಕೈಗೇ ಕೊಡುತ್ತೇನೆ.